ಹೊಸ ಮೆಮೊರಿ ಬರೂತನಕ ತಡೀರಿ!

ಸ್ವಲ್ಪ ತಡೆಯಿರಿ. ಅವಸರ ಬೇಡ. ಇದು ನನ್ನ ಮಾತಲ್ಲ, ನಮ್ಮ ಚಾಚಾನ ಮಾತು. ರೋಣದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್, ಈಗೀಗ ಮೊಬೈಲ್ ರಿಪೇರಿ ಮಾಡುವ ಈ ಮನುಷ್ಯ, ತನ್ನ ಅಂಗಡಿಯ ಮಾಲನ್ನು ಕೊಳ್ಳಬೇಡಿ ಎಂದು ಗಿರಾಕಿಗಳಿಗೆ ಕೈಮುಗಿಯುವ ಜಗತ್ತಿನ ಏಕೈಕ ವ್ಯಾಪಾರಿ!

ಚಾಚಾ ನನಗೆ ರಕ್ತಸಂಬಂಧಿಯಲ್ಲ. ಪಿಯುಸಿ ಮುಗಿಸಿ ಮುಂದೇನು ಎಂದು ತಿಳಿಯದೆ ಓಣಿ ಓಣಿ ಅಲೆಯುತ್ತಿದ್ದಾಗ ಅವರ ಅಂಗಡಿಯ ಬೆಂಚಿನ ಮೇಲೆ ಕುಳಿತವನು, ಇನ್ನೂ ಎದ್ದಿಲ್ಲ. ಅವರಿಂದ ಸೋಲ್ಡರ್ ಹಿಡಿಯಲು ಕಲಿತೆ. ಪ್ರತಿಯಾಗಿ ಸೈಬರ್‌ನಲ್ಲಿ ಕುಳಿತು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದ್ದನ್ನೆಲ್ಲ ಅವರ ತಲೆಗೆ ತುಂಬಿದೆ. ಮುಂದೆ ಆದದ್ದಕ್ಕೆಲ್ಲ ಅರ್ಧ ಪಾಪ ನನ್ನದೇ.

ಒಂದು ದಿನ ಜಕ್ಕಲಿಯ ಹುಡುಗನೊಬ್ಬ ಬಂದ.

"ಚಾಚಾ, ಒಂದ್ ಮೆಮೊರಿ ಕಾರ್ಡ್ ಕೊಡ್ರಿ."

"ಯಾಕ?"

"ಯಾಕಂದ್ರ? ಹಾಡ ಹಾಕಸಾಕ್ರಿ."

"ಖಾಯಂ ಇಟ್ಕೊಳ್ಳೋ ಹಾಡೋ, ನಾಕ್ ದಿನಕ್ಕ ಅಳಸೋ ಹಾಡೋ?"

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

"ನೋಡಪಾ, ಇದರಾಗ ಇರೂದು ಫ್ಲ್ಯಾಶ್. ಬರದು ಅಳಸಿ, ಬರದು ಅಳಸಿ ಮಾಡಿದಂಗ ತೇಯ್ತೈತಿ, ನಿನ್ನ ಚಪ್ಪಲಿ ತೇದಂಗ. ಓದಿದರ ತೇಯಂಗಿಲ್ಲ, ಬರದರ ತೇಯ್ತೈತಿ. ಹೊಸಾ ಮೆಮೊರಿ ಬರೂದೈತಿ. ಅಲ್ಲೀತನಕ ತಡಿ."

"ಎಂದ ಬರತೈತ್ರಿ ಅದು?"

"ಮೂರ್ ವರ್ಷಕ್ಕ."

"ಅಲ್ರೀ ಚಾಚಾ, ನನ್ನ ಮದವಿ ಬರೂ ಸೋಮವಾರ ಐತಿ!"

ಈ ಮೂರು ವರ್ಷದ ಲೆಕ್ಕ ಎಲ್ಲಿಂದ ಬಂತು ಗೊತ್ತೇ? ಮಿರ್ಚಿ ಭಜಿಯಿಂದ! ಎರಡು ಸಾವಿರದ ಎಂಟರಲ್ಲಿ ಒಂದು ಸಂಜೆ ಭಜಿ ಕಟ್ಟಿಕೊಂಡು ಬಂದ ಕಾಗದ ಯಾವುದೋ ಇಂಗ್ಲಿಷ್ ಪತ್ರಿಕೆಯ ಹಾಳೆಯಾಗಿತ್ತು. ಭಜಿ ತಿನ್ನುತ್ತ ನಾನು ಓದಿ ಹೇಳಿದೆ. ಕರೆಂಟ್ ಹೋದರೂ ಮರೆಯದ, ಫ್ಲ್ಯಾಶಿಗಿಂತ ಎಷ್ಟೋ ಪಟ್ಟು ವೇಗವಾಗಿ ಬರೆಯಬಲ್ಲ, ಅಷ್ಟು ಸುಲಭವಾಗಿ ಸವೆಯದ ಹೊಸ ಬಗೆಯ ಮೆಮೊರಿಗಳು ಬರುತ್ತಿವೆಯಂತೆ. ಒಂದು ಅಯಸ್ಕಾಂತದಿಂದ ನೆನಪಿಡುತ್ತದೆ. ಒಂದು ತನ್ನೊಳಗೆ ಎಷ್ಟು ಕರೆಂಟ್ ಹರಿಯಿತು ಎಂಬುದನ್ನೇ ನೆನಪಿಟ್ಟುಕೊಳ್ಳುತ್ತದೆ. ಇನ್ನೊಂದರಲ್ಲಿ ಒಂದು ಚೂರು ವಸ್ತುವನ್ನು ಕಾಯಿಸಿ ಹರಳಾಗಿಸಿದರೆ ಒಂದು, ಗಾಜಾಗಿಸಿದರೆ ಸೊನ್ನೆ. ಇವು ಫ್ಲ್ಯಾಶಿನ ಜಾಗಕ್ಕೆ ಬರಲು ಇನ್ನು ಇಷ್ಟು ವರ್ಷ ಸಾಕು ಎಂದು ಬರೆದಿದ್ದ ಅಂಕಿಯ ಮೇಲೆಯೇ ಎಣ್ಣೆ ಬಿದ್ದು, ಹಿಂದಿನ ಪುಟದ ಅಕ್ಷರವೂ ಅದರೊಳಗೆ ಮೂಡಿತ್ತು. ಬೆಳಕಿಗೆ ಹಿಡಿದರೆ ಮೂರು, ನೆರಳಿಗೆ ಹಿಡಿದರೆ ಎಂಟು!

"ಮೂರ ಐತಿ" ಎಂದರು ಚಾಚಾ.

"ಎಂಟ ಇದ್ರೂ ಇರಬೌದ್ರಿ."

"ಬೆಳಕಿನ್ಯಾಗ ಕಂಡದ್ದು ಖರೇ."

ಆ ಹಾಳೆಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದರು. ಅದರಿಂದ ಇನ್ನೂ ಮೆಣಸಿನಕಾಯಿಯ ವಾಸನೆ ಬರುತ್ತದೆ.

ಮುಂದೆ ನಾನೊಂದು ದೊಡ್ಡ ತಪ್ಪು ಮಾಡಿದೆ. ಫ್ಲ್ಯಾಶಿಗೂ ಒಂದು ಜಾಣತನ ಕಲಿಸಿರುತ್ತಾರೆ, ಒಂದೇ ಜಾಗದಲ್ಲಿ ಬರೆದು ಬರೆದು ಅದನ್ನು ಸವೆಸದೆ ಎಲ್ಲ ಜಾಗಗಳಿಗೂ ಬರಹವನ್ನು ಹಂಚುತ್ತದೆ ಎಂದು ಓದಿ ಹೇಳಿಬಿಟ್ಟೆ. ಹೇಳಬಾರದಿತ್ತು! ಮರುದಿನದಿಂದ ಚಾಚಾ ತಮ್ಮ ಇಡೀ ಬದುಕನ್ನೇ ಹಂಚತೊಡಗಿದರು. ದಿನಕ್ಕೊಂದು ಹೋಟೆಲಿನಲ್ಲಿ ಚಹಾ. ಇದರಿಂದ ರೋಣದ ಎಲ್ಲ ಚಹಾದಂಗಡಿಯವರೂ ಚಾಚಾಗೆ ತಮ್ಮ ಮೇಲೆ ಸಿಟ್ಟು ಬಂದಿದೆ ಎಂದುಕೊಂಡರು. ಬಿಡಿಭಾಗ ತರಲು ನರಗುಂದಕ್ಕೆ ಹೊರಟರೆ ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಸೀಟು ಬದಲಿಸುತ್ತಿದ್ದರು.

"ಕಾಕಾ, ಸೀಟಿನಾಗ ಮುಳ್ಳ ಅದಾವೇನ್ರಿ?" ಎಂದ ಕಂಡಕ್ಟರ್.

"ಇಲ್ಲಪಾ. ಸರಕಾರದ ಸೀಟು, ಒಂದ ಕಡೆ ತೇಯಬಾರದು."

ಮನೆಯಲ್ಲಿ ಚಾಚಿ ನಾಲ್ಕು ದಿನ ನೋಡಿ ಐದನೆಯ ದಿನ ಹೇಳಿದರು: "ಚಲೋ ಆತು. ನನ್ನ ಕೈಯೂ ಭಾಳ ತೇದಾವ. ಇವತ್ತ ರೊಟ್ಟಿ ನೀವು ಬಡೀರಿ."

ಅಂದು ಚಾಚಾ ಬಡಿದ ರೊಟ್ಟಿ ನರಗುಂದದ ಗುಡ್ಡದ ಆಕಾರದಲ್ಲಿತ್ತು. ಗಟ್ಟಿತನದಲ್ಲೂ ಅದಕ್ಕೇನೂ ಕಡಿಮೆಯಿರಲಿಲ್ಲ. ಹಂಚಿಕೆಯ ಸಿದ್ಧಾಂತ ಅಂದಿನಿಂದ ಮನೆಯ ಹೊಸ್ತಿಲಿನ ಹೊರಗೇ ಉಳಿಯಿತು.

ಇಷ್ಟಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಗಜೇಂದ್ರಗಡದಲ್ಲಿ ಚಾಚಾನ ಅಕ್ಕ ಇದ್ದಾರಲ್ಲ! ಅವರನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಗೌರಿ ಹುಣ್ಣಿಮೆ ಬಂತೆಂದರೆ ಆ ಓಣಿಯ ಹೆಣ್ಣುಮಕ್ಕಳೆಲ್ಲ ಆರತಿಗೆ ಒಯ್ಯುವುದು ಆಪಾ ಎರಕ ಹೊಯ್ದ ಸಕ್ಕರೆ ಗೊಂಬೆಗಳನ್ನೇ. ಪಾಕ ಕಾಯಿಸುತ್ತ ಆಪಾ ಹಾಡುತ್ತಾರೆ. ಮದರಂಗಿ ಹಾಡು, ಬೀಸುವ ಹಾಡು, ಜೋಗುಳ. ಒಂದು ಸಾಲು ಕನ್ನಡ, ಒಂದು ಸಾಲು ಉರ್ದು, ನಡುವೆ ಒಲೆಗೆ ಬೈಗುಳ. ಆ ಹಾಡುಗಳು ಪೂರ್ತಿಯಾಗಿ ಇನ್ನಾರಿಗೂ ಬರುವುದಿಲ್ಲ, ಎಲ್ಲೂ ಬರೆದಿಟ್ಟಿಲ್ಲ. ನಾನು ಅವರನ್ನು ಮೊದಲು ನೋಡಿದ ವರ್ಷ ಬಾಯಲ್ಲಿ ಐದು ಹಲ್ಲಿದ್ದವು. ಮರುವರ್ಷ ಮೂರು! ಹಾಡಿನ ನಡುವೆ "ಮುಂದಿಂದು ಏನಿತ್ತೋ..." ಎಂದು ನಿಲ್ಲುವುದೂ ಶುರುವಾಗಿತ್ತು.

"ಚಾಚಾ, ಆಪಾನ ಹಾಡು ರೆಕಾರ್ಡ್ ಮಾಡೂಣ್ರಿ. ಲಗೂನ ಮಾಡೂಣ್ರಿ."

"ಈ ತೇಯೂ ಕಾರ್ಡಿನಾಗ? ನಮ್ಮ ಆಪಾನ್ನ? ಛೇ! ಹೊಸಾದು ಬರಲಿ."

"ಆ ಅಂಕಿ ಎಂಟ ಇದ್ರ?"

ಚಾಚಾ ಆಗಲೇ ಬೆಸೆದಿದ್ದ ತಂತಿಯನ್ನು ಬಿಚ್ಚಿ ಮತ್ತೆ ಬೆಸೆದರು.

ಕಳೆದ ಗೌರಿ ಹುಣ್ಣಿಮೆಯ ಮುನ್ನಾದಿನ ಚಾಚಾನ ಜೊತೆ ನಾನೂ ಗಜೇಂದ್ರಗಡಕ್ಕೆ ಹೋದೆ. ಅಂಗಳದಲ್ಲಿ ಪಾಕ ಕುದಿಯುತ್ತಿತ್ತು. ಆಪಾ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ, ಹಗ್ಗ ಬಿಗಿದು, ಒಂದೊಂದಕ್ಕೂ ಪಾಕ ಹೊಯ್ದರು. ಎಲ್ಲವೂ ಕುದುರೆಗಳು. "ಆರಲಿ, ಮುಟ್ಟಬ್ಯಾಡ್ರಿ" ಎಂದು ನೀರು ತರಲು ಹೋದರು.

ಚಾಚಾನ ಕಣ್ಣು ಮಿಂಚಿತು. "ನೋಡೋ, ಇದ ಆ ಹೊಸಾ ಮೆಮೊರಿ! ಪಾಕ ನಿಧಾನಕ ಆರಿದ್ರ ಹರಳು. ಅಂದ್ರ ಒಂದು. ಗಪ್ಪನ ತಣ್ಣಗಾದ್ರ ಗಾಜು. ಅಂದ್ರ ಸೊನ್ನಿ. ಬರದು ತೋರಸ್ಲಿ?"

ನಾನು ಬೇಡ ಎನ್ನಬೇಕಿತ್ತು. "ತೋರಸ್ರಿ" ಎಂದೆ! ಸರತಿಯಲ್ಲಿದ್ದ ಅರ್ಧ ಅಚ್ಚುಗಳನ್ನು ಎತ್ತಿ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಯೇಬಿಟ್ಟರು.

ಆಪಾ ಬಂದು ಹಗ್ಗ ಬಿಚ್ಚಿದರು. ಮುಳುಗಿಸದೆ ಬಿಟ್ಟ ಅಚ್ಚುಗಳಿಂದ ಬೆಳ್ಳನೆಯ ಕುದುರೆಗಳು ಟಣ್ಣನೆ ಹೊರಬಂದವು. ಮುಳುಗಿಸಿದವುಗಳಿಂದ ಏನೂ ಬರಲಿಲ್ಲ. ಅಂಟಂಟಾದ ಗಾಜಿನಂಥ ಪಾಕ ಕಟ್ಟಿಗೆಗೆ ಕಚ್ಚಿಕೊಂಡು, ಒಂದರಿಂದ ಬಾಲ, ಇನ್ನೊಂದರಿಂದ ಎರಡು ಕಾಲು ಮಾತ್ರ ಕಿತ್ತು ಬಂದವು.

"ಏನ್ ಮಾಡಿದ್ಯೋ ಖೋಡಿ?"

"ಸೊನ್ನಿ ಬರದೆ, ಆಪಾ."

"ಸೊನ್ನಿ ನಿನ್ನ ತಲ್ಯಾಗ ಮದಲ ಬರದೈತಿ. ಅದಕ್ಕ ನನ್ನ ಕುದುರಿ ಯಾಕ ಕೆಡಸ್ತಿ?"

ಇನ್ನು ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಿಮ್ಮ ಹಾಡು ಇಡಲು ಎಂದೂ ಸವೆಯದ ಮೆಮೊರಿಗಾಗಿ ಕಾಯುತ್ತಿದ್ದಾರೆ, ಅದು ಮೂರು ವರ್ಷವೋ ಎಂಟು ವರ್ಷವೋ ಭಜಿ ಅಂಗಡಿಯವನಿಗೇ ಗೊತ್ತು, ಎಂದೆ. ಆಪಾ ತಮ್ಮನ ಕಡೆ ತಿರುಗಿದರು.

"ಆ ಕ್ಯಾಸೆಟ್ಟಿನ ಸಲುವಾಗಿ ಹಿಂಗ ಮಾಡಾಕತ್ತೀಯೇನು?"

ಚಾಚಾ ಬೆಚ್ಚಿದರು. ಆಗ ತಿಳಿಯಿತು ನನಗೆ ವಿಷಯ. ಎಷ್ಟೋ ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆಪಾನ ಹಾಡುಗಳನ್ನು ಚಾಚಾ ಕ್ಯಾಸೆಟ್ಟಿಗೆ ತುಂಬಿದ್ದರು. ಅದನ್ನು ಅಂಗಡಿಯಲ್ಲಿ, ಬಿಚ್ಚಿಟ್ಟ ದೊಡ್ಡ ಸ್ಪೀಕರಿನ ಅಯಸ್ಕಾಂತದ ಮೇಲೆ ಮರೆತಿಟ್ಟರು. ಊರಿನ ರೇಡಿಯೋಗಳನ್ನೆಲ್ಲ ಬದುಕಿಸುವ ಮನುಷ್ಯ! ಆಮೇಲೆ ಕೇಳಿದರೆ ಬರೀ ಮಳೆ ಸುರಿದಂಥ ಸಪ್ಪಳ. ಅಕ್ಕನಿಗೆ ಮಾತ್ರ ಕ್ಯಾಸೆಟ್ ಕಳೆದುಹೋಯಿತು ಎಂದಿದ್ದರು.

"ನಿನಗ... ಗೊತ್ತಿತ್ತ?"

"ನಿನ್ನ ಜ್ವಾಕಿ ಮಾಡಿ ಬೆಳಸಿದಾಕಿ ನಾನು. ನೀ ಸುಳ್ಳ ಹೇಳಿದ್ರ ಕಿವಿ ಕೆಂಪಾಗತಾವ." ಆಪಾ ಕೆಟ್ಟ ಕುದುರೆಗಳ ಚೂರುಗಳನ್ನು ಕೆರೆದು ಮತ್ತೆ ಪಾತ್ರೆಗೆ ಹಾಕಿದರು. "ಈ ಕುದುರಿ ಎಷ್ಟ ದಿನ ಇರತಾವ, ಹೇಳು?"

"ಎರಡ ದಿನ. ಹುಡುಗೂರು ತಿಂತಾವ, ಉಳದದ್ದು ಇರುವಿ."

"ಮತ್ತ, ಹಾಕೂದು ಬಿಟ್ಟೀನೇನು? ವರ್ಷಾ ವರ್ಷಾ ಹೊಸಾವು ಹಾಕತೀನಿಲ್ಲ? ನಿನ್ನ ಕಾರ್ಡ್ ತೇದ್ರ ಮತ್ತೊಂದಕ್ಕ ಹಾಕು. ಅದು ತೇದ್ರ ಇನ್ನೊಂದಕ್ಕ. ನಿನ್ನ ಕೈಗೇನ್ ಬ್ಯಾನಿ ಬಂದೈತಿ? ತಗಿ ಆ ಮೊಬೈಲು. ಮೂರ್ ಹಲ್ಲ ಅದಾವ, ಅವು ಇರೂದ್ರಾಗ ಹಾಡತೀನಿ."

ಚಾಚಾ ಅಂಗಿಯ ಕಿಸೆಯಿಂದ ಒಂದು ಹೊಸ ಕಾರ್ಡ್ ತೆಗೆದರು. ಒಡೆಯದ ಪೊಟ್ಟಣ, ಮೂಲೆಗಳು ಸವೆದಿದ್ದವು. ಎಷ್ಟು ದಿನದಿಂದ ಕಿಸೆಯಲ್ಲಿತ್ತೋ!

ಮದರಂಗಿ ಹಾಡು ಬರಬಹುದು ಎಂದುಕೊಂಡಿದ್ದೆ. ಆಪಾ ಜೋಗುಳ ಶುರುಮಾಡಿದರು. ತಾಯಿ ತೀರಿಕೊಂಡಾಗ ಚಾಚಾ ಇನ್ನೂ ತೊಟ್ಟಿಲಲ್ಲಿದ್ದರಂತೆ, ಆಪಾಗೆ ಹನ್ನೆರಡು ವರ್ಷ. ಆಗ ತಾವೇ ಕಟ್ಟಿ ಹಾಡಿದ ಹಾಡು ಅದು. ಎಲ್ಲೂ "ಮುಂದಿಂದು ಏನಿತ್ತೋ" ಎನ್ನಲಿಲ್ಲ.

ರೆಕಾರ್ಡಿಂಗ್ ಹೇಗೆ ಬಂದಿದೆ ಎನ್ನುತ್ತೀರಾ? ಪಾಕ ಕುದಿಯುವ ಸಪ್ಪಳ ಇದೆ, ಒಂದು ಕೋಳಿ ಇದೆ, ಕೊನೆಯಲ್ಲಿ ಚಾಚಾ ಮೂಗು ಸೀಟಿದ್ದೂ ಇದೆ.

"ಅಳಸಿ ಇನ್ನೊಮ್ಮೆ ಮಾಡೂಣೇನ್ರಿ?" ಎಂದೆ.

"ಅಳಸಬ್ಯಾಡ!" ಎಂದು ಅಕ್ಕ ತಮ್ಮ ಇಬ್ಬರೂ ಒಮ್ಮೆಲೇ ಗದರಿದರು.

ಅಂದು ಹನ್ನೊಂದು ಹಾಡುಗಳಾದವು. ಈಗ ಅವು ಮೂರು ಕಾರ್ಡುಗಳಲ್ಲಿವೆ. ಒಂದು ಅಂಗಡಿಯಲ್ಲಿ, ಒಂದು ಚಾಚಿಯ ಟ್ರಂಕಿನಲ್ಲಿ, ಒಂದು ನನ್ನಲ್ಲಿ. ಪ್ರತಿ ಗೌರಿ ಹುಣ್ಣಿಮೆಗೆ ಒಂದು ಹೊಸ ಕಾರ್ಡಿಗೆ ಹಾಕಬೇಕೆಂದು ಆಪಾನ ಅಪ್ಪಣೆಯಾಗಿದೆ. ಉಳಿದ ಹಾಡುಗಳಿಗಾಗಿ ಚಾಚಾ ಪ್ರತಿ ಶುಕ್ರವಾರ ಗಜೇಂದ್ರಗಡದ ಬಸ್ಸು ಹತ್ತುತ್ತಾರೆ. ಎಣ್ಣೆಯ ಹಾಳೆ ಇನ್ನೂ ಗೋಡೆಯ ಮೇಲಿದೆ, ಹೊಸ ಮೆಮೊರಿ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮಿಬ್ಬರಿಗೂ ಇದೆ. ಗಿರಾಕಿಗಳಿಗೆ ಹೇಳುವ ಮಾತು ಮಾತ್ರ ಬದಲಾಗಿದೆ: "ಈಗ ಇದನ್ನ ಒಯ್ಯಿ. ಹೊಸಾದು ಬಂದ ಮ್ಯಾಲೆ ಅದಕ್ಕ ಹಾಕೂಣು."

ಮೊನ್ನೆ ಮಧ್ಯಾಹ್ನ ಅಂಗಡಿಗೆ ಹೋದರೆ ಚಾಚಾ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದರು. ಐವತ್ತೆಂಟರ ಮನುಷ್ಯ, ತೊಟ್ಟಿಲಲ್ಲಿದ್ದವರಂತೆ ಮೆಲ್ಲಗೆ ತೂಗಾಡುತ್ತಿದ್ದರು. ಯಾವ ಹಾಡೆಂದು ಕೇಳಬೇಕಾಗಿರಲಿಲ್ಲ.

"ಚಾಚಾ, ಇದು ಎಷ್ಟನೇ ಸಲರೀ?"

ಕಣ್ಣು ತೆರೆಯದೆಯೇ ಹೇಳಿದರು: "ಓದಿದರ ತೇಯಂಗಿಲ್ಲೋ, ಹುಚ್ಚಪ್ಪಾ."

ನಿಮ್ಮ ಮನೆಯಲ್ಲೂ ಇನ್ನೂ ಯಾವ ಕಾರ್ಡಿಗೂ ಇಳಿಯದ ದನಿಯೊಂದು ಇರಬೇಕಲ್ಲ? ಅದು ಯಾರದು, ಏನು ಹಾಡುತ್ತದೆ, ಇಲ್ಲವೇ ಯಾರನ್ನು ಬೈಯುತ್ತದೆ? ನೀವು ಅದನ್ನು ಹೇಗೆ ಉಳಿಸಿಕೊಂಡಿರಿ, ಅಥವಾ ಯಾವ ಅಯಸ್ಕಾಂತದ ಮೇಲೆ ಮರೆತಿಟ್ಟಿರಿ? ನನಗೊಂದು ಪತ್ರ ಬರೆಯಿರಿ. ಅಂಗಡಿಯ ಬೆಂಚಿನ ಮೇಲೆ ಕುಳಿತು ಚಾಚಾಗೆ ಓದಿ ಹೇಳುತ್ತೇನೆ.