ಮಂದಿಯಿಲ್ಲದ ಮೈದಾನದಲ್ಲಿ ನನ್ನ ಸೀಟಿ

ಮಂದಿಗೆ ಹೆದರುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಭಾಷಣಕ್ಕೆ ನಿಂತು ನಾಲಿಗೆ ಒಣಗಿಸಿಕೊಂಡವರು, ಮದುವೆ ಹಂದರದಲ್ಲಿ ಮಾಲೆ ಹಾಕಲು ಕೈ ನಡುಗಿಸಿದವರು ಎಲ್ಲ ಊರಲ್ಲೂ ಇದ್ದಾರೆ. ಮಂದಿ ಇಲ್ಲವೆಂದು ಹೆದರಿ ಕೈಕಾಲು ತಣ್ಣಗಾದವನು ಮಾತ್ರ ನಾನೊಬ್ಬನೇ ಇರಬೇಕು. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ.

ಆಗಿನ್ನೂ ಮುಂಬಯಿ ಸರಕಾರದ ಕಾಲ. ನಾನು ಇಂಡಿ ಊರಿನ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಗೆರೆ ನೇರವಾಗಿ ಎಳೆಯುವವನು ನ್ಯಾಯವನ್ನೂ ನೇರವಾಗಿ ಹೇಳುತ್ತಾನೆಂದು ಯಾರಿಗೆ ಹೊಳೆಯಿತೋ, ನನ್ನನ್ನು ಫುಟ್‌ಬಾಲ್ ರೆಫ್ರಿ ಮಾಡಿದರು. ನಾಲ್ಕು ಊರಲ್ಲಿ ಹೆಸರೂ ಬಂತು. ಒಂದು ವರ್ಷ ಸಿಂದಗಿ ಮತ್ತು ಮುದ್ದೇಬಿಹಾಳದ ಪಂದ್ಯದಲ್ಲಿ ಎರಡೂ ಊರಿನ ಮಂದಿ ಕಲ್ಲು ತೂರಾಡಿ ಆಟ ಅರ್ಧಕ್ಕೇ ನಿಂತಿತು. ಒಂದು ಕಲ್ಲು ನನ್ನ ಟೋಪಿ ಹಾರಿಸಿತು. ತಾಲೂಕಿನ ದೊಡ್ಡ ಸಾಹೇಬರಾದ ಮಾಮಲೇದಾರರು ಸಿಟ್ಟಿಗೆದ್ದು, ಪಂದ್ಯವನ್ನು ಬಸವನ ಬಾಗೇವಾಡಿಯಲ್ಲಿ ಮತ್ತೆ ಆಡಿಸಬೇಕು, ನೋಡಲು ಒಂದು ನರಪಿಳ್ಳೆಯೂ ಬರಕೂಡದು ಎಂದು ಹುಕುಂ ಹೊರಡಿಸಿದರು.

"ಈ ಸಲಾನರ ತಲಿ ಗಟ್ಟಿ ಉಳಿಸ್ಕೊಂಡು ಬರ್ರಿ," ಎಂದಳು ಹೆಂಡತಿ.

"ಮಂದೀನ ಇರೂದಿಲ್ಲ, ಹೆದರಿಕಿ ಯಾತರದು?" ಎಂದು ಮೀಸೆ ತಿರುವಿ ಬಸ್ಸು ಹತ್ತಿದೆ.

ನಾಣ್ಯ ಚಿಮ್ಮುವಾಗ ಮುದ್ದೇಬಿಹಾಳದ ನಾಯಕ ರಾಜೇಸಾಬ, ಅರಿವೆ ಅಂಗಡಿಯವನು, ಮೆಲ್ಲಗೆ ಹೇಳಿದ: "ಮಾಸ್ತರ, ನನಗ ಮೂವತ್ತೈದು ದಾಟೇತ್ರಿ. ಇವತ್ತ ಗೆದ್ದು ಒಂದ ಸಲ ವಿಜಾಪುರದಾಗ ಆಡಿ ಆಟ ಬಿಡತೇನ್ರಿ." ಗೆದ್ದವರು ಮುಂದೆ ವಿಜಾಪುರದಲ್ಲಿ ಜಿಲ್ಲೆಯ ಕೊನೆಯ ಪಂದ್ಯ ಆಡುವುದಿತ್ತು.

ಸೀಟಿ ಊದಿದೆ. ಅದರ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಇಷ್ಟು ವರ್ಷ ಗದ್ದಲದಲ್ಲಿ ಅದು ಇಷ್ಟು ಕರ್ಕಶವೆಂದು ಗೊತ್ತೇ ಇರಲಿಲ್ಲ. ಆಟಗಾರರಿಗೂ ಏನೋ ಆಗಿತ್ತು. ಮಂದಿ ಕೂಗಿದರೆ ಕುದುರೆಯಂತೆ ಓಡುತ್ತಿದ್ದ ಸಿಂದಗಿಯ ಫಾರ್ವರ್ಡ್ ಆಟಗಾರ, ಸಂತೆಯಲ್ಲಿ ಬದನೆಕಾಯಿ ಆರಿಸಲು ಹೊರಟವನಂತೆ ಚೆಂಡಿನ ಕಡೆ ನಡೆದ. ಮುದ್ದೇಬಿಹಾಳದವನೊಬ್ಬ ಎಂದಿನ ಹಾಗೆ ಕಾಲು ಹಿಡಿದು ಉರುಳಾಡಿದ. ಸುತ್ತ ನೋಡಿದ, ಯಾರೂ ಇಲ್ಲ. ಎದ್ದು ಚಡ್ಡಿಯ ಧೂಳು ಝಾಡಿಸಿಕೊಂಡ. "ಪೆಟ್ಟು ಹತ್ತೇತೇನೋ?" ಎಂದು ಎದುರಾಳಿಯೇ ಕೇಳಿದ. "ಇಲ್ಲ ಬಿಡಪಾ," ಎಂದ ಇವನು. ಕಳೆದ ಸಲ ಇವರೇ ಒಬ್ಬರ ಅಂಗಿ ಒಬ್ಬರು ಹರಿದಿದ್ದರು!

ನಗಬಹುದಿತ್ತು. ಆದರೆ ನನಗೆ ಅಂಜಿಕೆ ಶುರುವಾಗಿತ್ತು. ಚೆಂಡು ಗೆರೆ ದಾಟಿತೋ ಇಲ್ಲವೋ, ಕಾಲು ಕೊಟ್ಟು ಕೆಡವಿದನೋ ತಾನೇ ಬಿದ್ದನೋ, ಒಂದೂ ನಿಶ್ಚಯವಾಗಲೊಲ್ಲದು. ಆಗ ತಿಳಿಯಿತು: ಇಷ್ಟು ದಿನ ತಪ್ಪು ನೋಡಿದ್ದು ಮಂದಿ, ನಾನು ಬರೀ ಊದಿದವನು. ಚೆಂಡು ಕೈಗೆ ತಗಲಿದರೆ ಅವರು "ಹ್ಯಾಂಡ್" ಎನ್ನುವಷ್ಟು ತಾಳ್ಮೆಯಿಲ್ಲದೆ "ಹ್ಯಾ! ಹ್ಯಾ!" ಎಂದು ಒದರುವರು, ನನ್ನ ಸೀಟಿ ತಾನಾಗಿ ಕೂಗುವುದು. ಇನ್ನು ಯಾರನ್ನು ಕೇಳಲಿ? ಕಲ್ಲು ಬಿದ್ದ ದಿನವೂ ನಾನು ಇಷ್ಟು ಅಂಜಿರಲಿಲ್ಲ.

ಆಟ ಮುಗಿಯಲು ಐದು ನಿಮಿಷವಿತ್ತು. ಯಾರೂ ಗೋಲು ಹೊಡೆದಿರಲಿಲ್ಲ. ಮುದ್ದೇಬಿಹಾಳದ ಗೋಲಿನ ಮುಂದೆ ಚೆಂಡು ರಾಜೇಸಾಬನ ಮೈಗೆ ಬಡಿಯಿತು. ನನಗೆ ಕಂಡದ್ದು ಅವನ ಬೆನ್ನು ಮಾತ್ರ. ಅಷ್ಟರಲ್ಲಿ "ಹ್ಯಾ! ಹ್ಯಾ!" ಎಂಬ ಕೂಗು ಕೇಳಿತು. ಸೀಟಿ ಊದಿಬಿಟ್ಟೆ. ಪೆನಾಲ್ಟಿ!

ಊದಿದ ಮೇಲೆ ಕೂಗು ಬಂದತ್ತ ನೋಡಿದರೆ, ಪಕ್ಕದ ಜೋಳದ ಹೊಲದ ಅಟ್ಟಣಿಗೆಯ ಮೇಲೆ ಮುದುಕನೊಬ್ಬ ಕವಣೆ ಬೀಸುತ್ತ ಹಕ್ಕಿ ಓಡಿಸುತ್ತಿದ್ದ. ನಮ್ಮ ಕಡೆ ಅವನ ಲಕ್ಷ್ಯವೇ ಇರಲಿಲ್ಲ.

ಇಪ್ಪತ್ತೆರಡು ಜನ ನನ್ನನ್ನೇ ನೋಡುತ್ತ ನಿಂತರು. ರಾಜೇಸಾಬ ನೆಟ್ಟಗೆ ನನ್ನ ಕಡೆ ಬಂದ. ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿದೆ. ಅವನು ಕೈ ಎತ್ತಲಿಲ್ಲ.

"ಮಾಸ್ತರ, ಕೈಗೆ ಹತ್ತಿದ್ದು ನೀವ ಕಣ್ಣಿಲೆ ನೋಡೀರೇನ್ರಿ? ನೋಡೇನಿ ಅಂದ್ರ ಮುಗೀತು."

ಇಲ್ಲವೆನ್ನಲು ಬಾಯಿ ತೆರೆದೆ. ಇಲ್ಲವೆಂದರೆ ಇಷ್ಟು ವರ್ಷದ ಹೆಸರು ಅಲ್ಲೇ ಮಣ್ಣುಪಾಲು.

"ನೋಡೇನಿ," ಎಂದೆ.

"ಹಂಗಾದ್ರ ಸರಿ ಬಿಡ್ರಿ," ಎಂದು ತನ್ನವರನ್ನೆಲ್ಲ ತಾನೇ ಹಿಂದೆ ಸರಿಸಿದ. ಸಿಂದಗಿಯವರು ಗೋಲು ಹೊಡೆದರು, ಗೆದ್ದರು. ಗೆದ್ದವರೂ ಕುಣಿಯಲಿಲ್ಲ, ಕುಣಿದರೆ ನೋಡುವವರು ಯಾರು?

ಬಸ್ ನಿಲ್ದಾಣದಲ್ಲಿ ರಾಜೇಸಾಬ ನನಗೆ ಚಹಾ ಕುಡಿಸಿದ. "ನನಗ ಚೆಂಡು ಹೊಟ್ಟಿಗಿ ಬಡದಂಗ ಆಗಿತ್ರಿ," ಎಂದು ಹೊಟ್ಟೆ ಸವರಿಕೊಂಡ. "ನೀವ ನೋಡೇನಿ ಅಂದಮ್ಯಾಲೆ ಕೈಗೇ ಹತ್ತಿರಬೇಕು. ಓಡೂ ಭರಾಟ್ಯಾಗ ನಮಗೇನ ತಿಳೀತೈತ್ರಿ."

"ರಾಜೇಸಾಬ, ನನಗೊಂದು ಬೈಗಳಾನರ ಬೈಯಪಾ," ಎಂದೆ.

ಚೇಷ್ಟೆ ಎಂದುಕೊಂಡು ಅವನು ನಕ್ಕುಬಿಟ್ಟ. ಅವನ ಬಸ್ಸು ಬಂತು, ಹತ್ತಿ ಹೋದ. ಆಮೇಲೆ ಅವನು ಚೆಂಡು ಮುಟ್ಟಲಿಲ್ಲವೆಂದು ಕೇಳಿದೆ.

ಮರುದಿನ ನಾನು ಮಾಮಲೇದಾರರಿಗೆ, ಇನ್ನು ಮುಂದೆ ದಯವಿಟ್ಟು ಪ್ರೇಕ್ಷಕರನ್ನು ಒಳಗೆ ಬಿಡಬೇಕು ಎಂದು ಅರ್ಜಿ ಬರೆದೆ. ಕಾರಣದ ಜಾಗದಲ್ಲಿ "ಆಟಗಾರರ ಹುರುಪಿನ ಸಲುವಾಗಿ" ಎಂದು ನಮೂದಿಸಿದೆ. ಕಲ್ಲಿನೇಟು ತಿಂದವನೇ ಹೀಗೆ ಬರೆಯಬೇಕಾದರೆ ಎಂಥ ಧೈರ್ಯವಂತನಿರಬೇಕು ಎಂದು ಸಾಹೇಬರು ಕಚೇರಿಯಲ್ಲಿ ನನ್ನನ್ನು ಹೊಗಳಿದರಂತೆ.