ದೊಡ್ಡಮ್ಮ ಬಡತನ ತೋರಿಸಿದ್ದು

ಹೊಸನಗರ ತಾಲ್ಲೂಕಿನಲ್ಲಿ ವೃದ್ಧಾಪ್ಯ ಪಿಂಚಣಿಗೆ ನಮ್ಮ ದೊಡ್ಡಮ್ಮನಷ್ಟು ಅರ್ಹರು ಬೇರೆ ಇರಲಿಲ್ಲ. ಅದನ್ನು ಕಳೆದುಕೊಳ್ಳುವುದರಲ್ಲೂ ಅವಳಷ್ಟು ಸಮರ್ಥರು ಇರಲಿಲ್ಲ!

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಮ್ಮನ ಅಕ್ಕ, ಈ ದೊಡ್ಡಮ್ಮ. ಗಂಡನಿಲ್ಲ, ಮಕ್ಕಳಿಲ್ಲ. ನನಗೆ ತೀರ್ಥಹಳ್ಳಿಯಲ್ಲಿ ಟೀಚರ್ ಕೆಲಸ ಸಿಕ್ಕಿದ ವರ್ಷವೇ ಪಿಂಚಣಿಯ ಸುದ್ದಿ ಬಂತು. ನಿಯಮಗಳನ್ನು ದಿನಚರಿಯಲ್ಲಿ ಬರೆದುಕೊಂಡು ಒಂದೊಂದಕ್ಕೂ ಗುರುತು ಹಾಕಿದೆ. ಅರವತ್ತೈದು ದಾಟಿರಬೇಕು, ಆದಾಯ ಇರಬಾರದು, ನೋಡಿಕೊಳ್ಳುವ ಮಗನಾಗಲಿ ಮೊಮ್ಮಗನಾಗಲಿ ಇರಬಾರದು. ಎಲ್ಲದರಲ್ಲೂ ಪಾಸು! ಒಂದು ಹಿಡಿ ಅಕ್ಕಿಗಾಗಿ ಕಂಡವರ ಮನೆಯ ಭತ್ತ ಕುಟ್ಟುವುದು ಇನ್ನಾದರೂ ತಪ್ಪುತ್ತದಲ್ಲ ಎಂದುಕೊಂಡೆ.

ಮೊದಲ ತೊಡಕು ವಯಸ್ಸು. ಯಾರು ಕೇಳಿದರೂ ಐವತ್ತು ಎನ್ನುವುದು ಅವಳ ಪದ್ಧತಿ. ಅರ್ಜಿಗೆ ವಯಸ್ಸಿನ ಬಗ್ಗೆ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ನಮ್ಮೂರ ಡಾಕ್ಟರು ರಜೆಯಲ್ಲಿದ್ದರು, ಸಾಗರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟೆ. ಡಾಕ್ಟರು ಕೇಳಿದಾಗ ಅರವತ್ತೆಂಟು ಎಂದು ಸರಿಯಾಗಿಯೇ ಹೇಳಿದಳು. ಆಮೇಲೆ ಸುಮ್ಮನಿರಬಾರದೇ? "ಹಂಗನ್ಬೇಕು ಅಂತ ಇವಳು ಹೇಳಿಕೊಟ್ಟಿದಾಳೆ" ಅಂದಳು. ಡಾಕ್ಟರು ಅವಳ ಬಾಯೊಳಗೆ ಇಣುಕಿ, ಉಳಿದ ಎರಡು ಹಲ್ಲು ನೋಡಿ, ನಗುತ್ತಾ ಸಹಿ ಹಾಕಿದರು.

ಇನ್ನು ಕಂದಾಯ ಇಲಾಖೆಯ ಶೇಕದಾರರು ಮನೆಗೇ ಬಂದು ಬಡತನ ನೋಡಬೇಕಿತ್ತು. ಆ ಶನಿವಾರ ಊರಿಗೆ ಬಂದು ನೋಡುತ್ತೇನೆ, ಪಕ್ಕದ ಮನೆಯ ಕಂಚಿನ ತಟ್ಟೆ, ಎದುರು ಮನೆಯ ಬೆತ್ತದ ಕುರ್ಚಿ, ಇನ್ಯಾರದೋ ಜಮಖಾನ! ಒಲೆಯ ಮೇಲೆ ಕೊಟ್ಟೆ ಕಡುಬು! ಇದನ್ನೆಲ್ಲ ನೋಡಿ ಯಾರು ಬಡವಿ ಅಂತಾರೆ ಎಂದು ಗೋಳಾಡಿದೆ.

"ಬಡವಿ ಅಂತ ಬರ್ಕೊಳ್ಲಿ. ಉಪವಾಸ ಕಳಿಸಿದ್ಲು ಅಂತ ಬರ್ಕೊಂಡ್ರೆ?"

ಶೇಕದಾರರು ಒಳ್ಳೆಯವರು. ಅದೇ ಕುರ್ಚಿಯಲ್ಲಿ ಹಿಂದಿನ ವಾರ ಎದುರು ಮನೆಯಲ್ಲಿ ಕೂತಿದ್ದವರು, ಗುರುತು ಸಿಕ್ಕಿದರೂ ಬಾಯಿಬಿಡಲಿಲ್ಲ. ಕಡುಬು ತಿಂದು, ಪೆನ್ನು ತೆಗೆದು, "ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಬರೀಲೇನಮ್ಮಾ?" ಎಂದರು.

"ಇವಳಿದಾಳಲ್ಲ."

ತಂಗಿಯ ಮಗು, ಅದೂ ಹೆಣ್ಣು, ನಿಯಮದ ಪ್ರಕಾರ ಲೆಕ್ಕಕ್ಕಿಲ್ಲ, ಅದರಿಂದ ನಿಮಗೇ ಅನುಕೂಲ ಎಂದು ಅವರು ಬಿಡಿಸಿ ಹೇಳಿದರು. ನಾನೂ ಹಿಂದಿನಿಂದ ಸೆರಗು ಜಗ್ಗಿದೆ. ದೊಡ್ಡಮ್ಮ ನನ್ನ ಕೈ ಕೊಡವಿದಳು.

"ಇನ್ನೊಂದು ಕಡುಬು ತಿನ್ನಿ ಮಾರಾಯ್ರೆ. ಆದ್ರೆ ಯಾರೂ ಇಲ್ಲ ಅಂತ ಮಾತ್ರ ಬರೀಬ್ಯಾಡಿ. ನನ್ನ ಮಗಳು ಸ್ಕೂಲಲ್ಲಿ ಪಾಠ ಮಾಡ್ತಾಳೆ."

ಆ ಒಂದು ಸಾಲು ಬರೆಯದೆ ಅರ್ಜಿ ಮುಂದಕ್ಕೆ ಹೋಗುವಂತಿರಲಿಲ್ಲ. ಪೆನ್ನು ಮುಚ್ಚಿತು. ಪಿಂಚಣಿ ಹೋಯಿತು, ಒನಕೆ ಉಳಿಯಿತು.

ಸಂಜೆ ಎರವಲು ಸಾಮಾನು ಹಿಂದಿರುಗಿಸಲು ಹೊರಟೆವು. ಒಂದೊಂದು ಜಗಲಿಯಲ್ಲೂ ದೊಡ್ಡಮ್ಮ ನಿಂತು, ಯಾರೂ ಕೇಳದಿದ್ದರೂ ಹೇಳಿದಳು: "ನಂಗೆ ಪಿಂಚಣಿ ಸಿಗಲ್ಲ ಕಣೇ. ಮಗಳಿದಾಳಲ್ಲ."

ಅಷ್ಟು ವರ್ಷ ಊರವರ ಮುಂದೆ ನಾನು ಅವಳ ತಂಗಿಯ ಮಗಳಾಗಿದ್ದೆ. ಎದುರು ಮನೆಯ ಕುರ್ಚಿ ನನ್ನ ತಲೆಯ ಮೇಲಿತ್ತು. ಕಣ್ಣೊರೆಸಿಕೊಳ್ಳೋಣವೆಂದರೆ ಎರಡು ಕೈಗೂ ಬಿಡುವಿರಲಿಲ್ಲ.