ದರ್ಜಿಯ ಬಾಯಿಗೆ ಬಂದ ಗುಂಪು

ದಿನವಿಡೀ ಸೂಜಿಯ ಜೊತೆಗೇ ಸಂಸಾರ ಮಾಡುವ ದರ್ಜಿಗೆ, ಅದೇ ಸೂಜಿ ನರ್ಸಮ್ಮನ ಕೈಯಲ್ಲಿ ಕಂಡರೆ ಮಾತ್ರ ಕೈಕಾಲು ಗಡಗಡ. ಅಂಥವನ ಅಂಗಡಿಗೆ ಬೆಳ್ಳಂಬೆಳಿಗ್ಗೆ ಎದುರಿನ ಕ್ಷೌರಿಕ ಓಡಿಬಂದ.

"ಅಣ್ಣಾ, ನಮ್ಮ ಕಟ್ಟಡದ ಯಜಮಾನರಿಗೆ ಇವತ್ತು ಆಪರೇಷನ್ನು. ಅವರದು ಓ ಗುಂಪು, ಓ ರಕ್ತಾನೇ ಬೇಕಂತೆ. ನಿಮ್ಮದು ಯಾವುದು?"

ದರ್ಜಿಯ ಮನೆಯಲ್ಲಿ ಎಲ್ಲರದೂ ಓ ಎಂದೇ ನಂಬಿಕೆ. ಆದರೆ ಅವನ ಕಣ್ಮುಂದೆ ನರ್ಸಮ್ಮನ ಸೂಜಿ ಬಂತು.

"ನಂದು ಎಬಿ ಕಣಯ್ಯಾ. ಇಲ್ದಿದ್ರೆ ನಾನೇ ಮೊದಲು ಓಡ್ತಿದ್ದೆ!"

ಹೀಗೆಂದು ಅವನು ಬಿಟ್ಟ ನಿಟ್ಟುಸಿರು ಎಷ್ಟು ಚೆನ್ನಾಗಿತ್ತೆಂದರೆ ಕ್ಷೌರಿಕನೇ ಅವನಿಗೆ ಸಮಾಧಾನ ಹೇಳಿ ಹೋದ. ಕ್ಷೌರಿಕನಿಗೆ ಕತ್ತರಿಗಿಂತ ನಾಲಿಗೆ ಚುರುಕು. ದರ್ಜಿಯದು ಎಬಿ ಎಂಬುದು ಬೀದಿಗೆಲ್ಲ ಗೊತ್ತಾಯಿತು.

ಮಧ್ಯಾಹ್ನ ಮಗಳು ಶಾಲೆಯಿಂದ ನೇರ ಅಂಗಡಿಗೆ ಬಂದಳು. ಪ್ಯಾಂಟು ಒಯ್ಯಲು ಬಂದಿದ್ದ ಔಷಧಿ ಅಂಗಡಿಯವರು ಅವಳ ಕೊರಳಿನ ಐಡಿ ಕಾರ್ಡು ನೋಡಿದರು. ರಕ್ತದ ಗುಂಪು: ಓ. ದರ್ಜಿಯ ಮುಖ ನೋಡಿದರು. ಮಗು ಒಳಗೆ ಹೋಗುವವರೆಗೆ ಕಾದು, ಕೆಮ್ಮಿದರು.

"ಮಕ್ಕಳ ರಕ್ತದ ಗುಂಪಿಗೆ ಅಪ್ಪನಿಂದ ಒಂದು ಅಕ್ಷರ, ಅಮ್ಮನಿಂದ ಒಂದು ಬರುತ್ತೆ. ಎಬಿಯವರ ಹತ್ರ ಕೊಡೋಕೆ ಇರೋದು ಎ, ಇಲ್ಲಾ ಬಿ. ಮಗು ಓ ಆಗ್ಬೇಕಾದ್ರೆ ಎರಡೂ ಕಡೆಯಿಂದ ಓನೇ ಬರ್ಬೇಕು. ಹಾಗಾದ್ರೆ... ಬಿಡಿ, ನನಗ್ಯಾಕೆ ಊರ ಉಸಾಬರಿ!"

ಅವರು ಪ್ಯಾಂಟು ಮರೆತೇ ಹೊರಟುಹೋದರು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ ಕ್ಷೌರಿಕ, ಅರ್ಧ ಗಡ್ಡದ ಗಿರಾಕಿಯನ್ನು ತನ್ನ ಅಂಗಡಿಯ ಕುರ್ಚಿಯಲ್ಲೇ ಬಿಟ್ಟು ಇಡೀ ಬೀದಿ ಸುತ್ತಿ ಬಂದ. ಸ್ವಲ್ಪ ಹೊತ್ತಿಗೆ ಟೀ ಅಂಗಡಿಯವನು ಕೇಳದೆಯೇ ಒಂದು ಟೀ ತಂದಿಟ್ಟು, "ಧೈರ್ಯ ತಂದ್ಕೊಳ್ಳಿ" ಎಂದು ಬೆನ್ನು ಸವರಿದ.

ಆಮೇಲೆ ಹೆಂಡತಿ ಬಂದಳು. ಕಣ್ಣಲ್ಲಿ ಕೆಂಡವೂ ಇತ್ತು, ನೀರೂ ಇತ್ತು.

"ಏನ್ರೀ, ಪಕ್ಕದ ಮನೆಯಾಕೆ ನನ್ನ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗ್ತಾಳೆ! ಎಬಿ ಅಂತ ಯಾವ ಬಾಯಲ್ಲಿ ಹೇಳಿದ್ರಿ?"

ದರ್ಜಿ ಹೊಲಿಗೆ ಬಿಟ್ಟು ಎದ್ದು ನಿಂತ. ಒಂದು ಸೂಜಿಗೆ ಹೆದರಿ ಹೆಂಡತಿಯ ಮಾನವನ್ನು ಬೀದಿಗೆ ತಂದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

"ಸುಳ್ಳು ಹೇಳಿದೆ ಕಣೇ. ನಂದು ಓನೇ."

"ಹಾಗಾದ್ರೆ ಆಸ್ಪತ್ರೆಗೆ ನಡೀರಿ. ಈ ಬೀದಿಯವರೆಲ್ಲರ ಎದುರಿಗೇ ಓ ಅಂತ ಹೇಳಿಸಿ."

ಗಂಡ, ಹೆಂಡತಿ, ಮಗಳು ಮುಂದೆ, ಬೀದಿಯೆಲ್ಲ ಹಿಂದೆ. ಆಸ್ಪತ್ರೆಯ ರಕ್ತನಿಧಿಯಲ್ಲಿ ದರ್ಜಿ ಕಣ್ಣು ಬಿಗಿಯಾಗಿ ಮುಚ್ಚಿ ಬೆರಳು ಚಾಚಿದ. ಡಾಕ್ಟರಮ್ಮ ಆ ಹನಿಯನ್ನು ಪರೀಕ್ಷಿಸಿ ತಲೆ ಎತ್ತಿದರು.

"ಎಬಿ."

ಕ್ಷೌರಿಕನ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ. ಹೆಂಡತಿ ಬೆಂಚಿನ ಮೇಲೆ ಕುಸಿದಳು.

"ನಿಮ್ಮದು ಓ ಅಂತ ಯಾರು ಹೇಳಿದ್ದು?" ಎಂದು ಡಾಕ್ಟರಮ್ಮ ಕೇಳಿದರು.

"ನಮ್ಮಣ್ಣನದು ಓ. ಒಂದೇ ಅಪ್ಪ ಅಮ್ಮ ಅಲ್ವಾ, ನಂದೂ ಅದೇ ಅಂತ..."

"ಮಗಳದು?"

"ಇವರದು ಓ ಅಂದ್ರಲ್ಲ, ಅದಕ್ಕೇ ಶಾಲೇಲಿ ಹಾಗೇ ಬರೆಸಿದೆ" ಎಂದಳು ಹೆಂಡತಿ ಮೆಲ್ಲಗೆ.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ರಕ್ತದ ಗುಂಪು ಅಂದ್ರೆ ಮನೆ ಹೆಸರೇನ್ರೀ, ಎಲ್ಲರಿಗೂ ಒಂದೇ ಇರೋಕೆ? ಅಪ್ಪ ಎ, ಅಮ್ಮ ಬಿ ಆಗಿ, ಇಬ್ಬರಲ್ಲೂ ಓ ಅಡಗಿದ್ರೆ ಒಬ್ಬ ಮಗ ಓ, ಇನ್ನೊಬ್ಬ ಎಬಿ ಆಗಬಹುದು. ಬಾಮ್ಮಾ ಪುಟ್ಟಿ."

ಮಗಳು ಕಣ್ಣು ಪಿಳುಕಿಸದೆ ಬೆರಳು ಕೊಟ್ಟಳು. "ಬಿ. ಎಬಿ ಅಪ್ಪನಿಗೆ ಬಿ ಮಗಳು ಧಾರಾಳವಾಗಿ ಹುಟ್ಟಬಹುದು" ಎಂದರು ಡಾಕ್ಟರಮ್ಮ. ಹೆಂಡತಿ ತಲೆ ಎತ್ತಿ ಬೀದಿಯವರನ್ನು ಒಬ್ಬೊಬ್ಬರಾಗಿ ನೋಡಿದಳು. ಎಲ್ಲರಿಗೂ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು.

ದರ್ಜಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಮಾನವೂ ಉಳಿಯಿತು, ಎಬಿ ಆದದ್ದರಿಂದ ಸೂಜಿಯಿಂದ ತಾನೂ ಉಳಿದ! "ಅಯ್ಯೋ, ಯಜಮಾನರಿಗೆ ನನ್ನ ರಕ್ತ ಆಗಲ್ವಲ್ಲ" ಎನ್ನುತ್ತಾ ಬಾಗಿಲ ಕಡೆ ತಿರುಗಿದ.

"ನಿಲ್ಲಿ. ಅವರಿಗೆ ರಕ್ತ ಆಗಲೇ ಸಿಕ್ಕಿದೆ. ಆದ್ರೆ ನಮ್ಮ ರಕ್ತನಿಧಿಗೆ ಬೇಕಾಗಿರೋದು ಪ್ಲಾಸ್ಮಾ, ರಕ್ತದಲ್ಲಿರೋ ತಿಳಿ. ಎಬಿಯವರ ತಿಳಿ ಯಾವ ಗುಂಪಿನವರಿಗಾದ್ರೂ ಆಗುತ್ತೆ. ನಿಮ್ಮಂಥವರನ್ನೇ ಬೆಳಿಗ್ಗೆಯಿಂದ ಹುಡುಕ್ತಾ ಇದ್ದೀವಿ. ಮಲಗಿ. ಯಂತ್ರ ರಕ್ತ ಎಳೆದು, ತಿಳಿ ಇಟ್ಕೊಂಡು, ಉಳಿದದ್ದನ್ನ ನಿಮಗೇ ವಾಪಸ್ ಕೊಡುತ್ತೆ. ಒಂದು ಗಂಟೆ ಸೂಜಿ ಕೈಯಲ್ಲೇ ಇರುತ್ತೆ, ಅಷ್ಟೇ."

ಹೆಂಡತಿ ಆಗಲೇ ಅವನ ಅಂಗಿಯ ತೋಳು ಮಡಚುತ್ತಿದ್ದಳು.

"ಡಾಕ್ಟರಮ್ಮಾ," ದರ್ಜಿ ಕ್ಷೀಣವಾಗಿ ಕೇಳಿದ, "ನಂದು ಓ ಆಗಿ, ಬೆಳಿಗ್ಗೇನೇ ಬಂದು ರಕ್ತ ಕೊಟ್ಟಿದ್ರೆ ಎಷ್ಟು ಹೊತ್ತು?"

"ಹತ್ತು ನಿಮಿಷದ ಕೆಲಸ" ಎನ್ನುತ್ತಾ ಡಾಕ್ಟರಮ್ಮ ಸೂಜಿ ಎತ್ತಿದರು.